ಒಂದು ಕಲ್ಲು, ನಾನಾಡಿದ ಒಂದು ಮಾತು

ಮೂವತ್ತನಾಲ್ಕು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ ಮಕ್ಕಳ ಮುಂದೆ ನಾನಾಡಿದ ಮಾತುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲನ್ನು ಮಕ್ಕಳೂ ಮರೆತಿದ್ದಾರೆ, ನಾನೂ ಮರೆತಿದ್ದೇನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ 1982ರ ಒಂದು ಮಧ್ಯಾಹ್ನ ಒಬ್ಬ ಹುಡುಗನಿಗೆ ಹೇಳಿದ ಎರಡು ಪದಗಳು ಮಾತ್ರ ನನ್ನನ್ನು ಬಿಟ್ಟುಹೋಗಿಲ್ಲ. ಅದನ್ನು ಈ ಪುಟದಲ್ಲಿ ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ.

ಆಗ ನಾನು ಕೋಲಾರದ ಚಿನ್ನದ ಗಣಿ ಪ್ರದೇಶದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ತರಗತಿಯ ಕಿಟಕಿಯಿಂದ ನೋಡಿದರೆ ಗಣಿಬಾವಿಯ ಮೇಲಿನ ಉಕ್ಕಿನ ಗೋಪುರ ಕಾಣುತ್ತಿತ್ತು. ಅದರಾಚೆಗೆ, ಅದಿರಿನಿಂದ ಚಿನ್ನವನ್ನು ತೆಗೆದ ಮೇಲೆ ಉಳಿದ ಪುಡಿಯೆಲ್ಲ ದಶಕಗಳ ಕಾಲ ಸುರಿದು ಸುರಿದು ಬೆಳೆದ ಸೈನೈಡ್ ಗುಡ್ಡಗಳು ಮಲಗಿದ್ದವು. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ಪುಡಿ ಬೆಂಚುಗಳ ಮೇಲೆಲ್ಲ ಕೂರುತ್ತಿತ್ತು. ನನ್ನ ತರಗತಿಯ ಹುಡುಗರಲ್ಲಿ ಹಲವರ ತಂದೆಯರು ಪಾಳಿಯ ಮೇಲೆ ಭೂಮಿಯೊಳಗೆ ಇಳಿಯುವವರು. ಮನೆಯಲ್ಲಿ ತಮಿಳನ್ನೋ ತೆಲುಗನ್ನೋ ಆಡಿ, ಶಾಲೆಗೆ ಬಂದು ಕನ್ನಡದಲ್ಲಿ ಓದುತ್ತಿದ್ದ ಮಕ್ಕಳು ಅವರು.

ಆ ದಿನ ಒಂಬತ್ತನೆಯ ತರಗತಿಯಲ್ಲಿ ಲೋಹ ಮತ್ತು ಅದಿರುಗಳ ಪಾಠ ಮುಗಿಸಿದ್ದೆ. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಹಿಂದೆ ಉಳಿದ. ಚೀಲದಿಂದ ಮುಷ್ಟಿಗಿಂತ ತುಸು ದೊಡ್ಡದಾದ ಒಂದು ಕಲ್ಲನ್ನು ತೆಗೆದು ಮೇಜಿನ ಮೇಲಿಟ್ಟ. ನೀಲಿಗಪ್ಪು ಛಾಯೆಯ ಬೆಣಚುಕಲ್ಲು. ಅದರ ಒಂದು ಬದಿಯಲ್ಲಿ ಕಪ್ಪು ಎಳೆ ಹಾದುಹೋಗಿತ್ತು. ಎಳೆಯ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣದಾದ, ಬೂದುಬಣ್ಣದ, ಲೋಹದಂತೆ ಮಿನುಗುವ ನಾಲ್ಕೈದು ಚುಕ್ಕೆಗಳಿದ್ದವು.

“ಸಾರ್, ಇದೇನು?” ಎಂದು ಆ ಚುಕ್ಕೆಗಳನ್ನು ತೋರಿಸಿದ.

ನಾನು ಕಲ್ಲನ್ನು ಎತ್ತಿ ಬೆಳಕಿಗೆ ಹಿಡಿದೆ. ಹಳದಿ ಬಣ್ಣವಿರಲಿಲ್ಲ; ಆದ್ದರಿಂದ ಚಿನ್ನವಲ್ಲ, ಗಂಧಕ ಬೆರೆತ ಕಬ್ಬಿಣದ ಪೈರೈಟೂ ಅಲ್ಲ. ಪದರಪದರವಾಗಿ ಏಳುತ್ತಿರಲಿಲ್ಲ, ಆದ್ದರಿಂದ ನಮ್ಮ ಕಡೆಯ ಮಕ್ಕಳೆಲ್ಲ ಬಲ್ಲ ಕಾಗೆಬಂಗಾರವೂ ಅಲ್ಲ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಅದೇ ಹೊತ್ತಿಗೆ ಇನ್ನೊಂದು ಯೋಚನೆಯೂ ಬಂದಿತು. ಗಣಿಯಿಂದ ಹೊರಬರುವ ಪ್ರತಿಯೊಬ್ಬ ಕಾರ್ಮಿಕನನ್ನೂ ಕಾವಲಿನವರು ತಡವಿ ನೋಡುತ್ತಿದ್ದ ಕಾಲವದು. ಅದಿರಿನ ಒಂದು ಚೂರು ಮನೆಯಲ್ಲಿ ಸಿಕ್ಕಿದರೂ ಕೆಲಸಕ್ಕೆ ಸಂಚಕಾರ. ಈ ಕಲ್ಲು ದಾರಿಬದಿಯ ಕಲ್ಲುರಾಶಿಯಿಂದ ಬಂದದ್ದೋ, ಅಪ್ಪನ ಊಟದ ಡಬ್ಬಿಯಲ್ಲಿ ಬಂದದ್ದೋ? ಕೇಳುವ ಧೈರ್ಯ ನನಗಾಗಲಿಲ್ಲ.

“ಏನೂ ಅಲ್ಲ. ಎಸೆದುಬಿಡು,” ಎಂದೆ.

ಹುಡುಗ ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಆ ಮನೆಯ ಹಿತಕ್ಕಾಗಿಯೇ ಹಾಗೆ ಹೇಳಿದೆನೆಂದು ಬಹುಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದರಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧವೆಂದರೆ ‘ನನಗೆ ಗೊತ್ತಿಲ್ಲ’ ಎಂದು ಹದಿನಾಲ್ಕು ವರ್ಷದ ಹುಡುಗನೆದುರು ಒಪ್ಪಿಕೊಳ್ಳಲು ನಾಲಿಗೆ ಏಳದಿದ್ದುದು.

ಮೂವತ್ತು ವರ್ಷ ಕಳೆಯಿತು. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದವು. ನಾನೂ ನಿವೃತ್ತನಾದೆ. 2012ರ ಜನವರಿಯಲ್ಲಿ ನಾಡಿನ ಹಿರಿಯ ಭೂವಿಜ್ಞಾನಿ ಬಿ. ಪಿ. ರಾಧಾಕೃಷ್ಣ ಅವರು ತೀರಿಕೊಂಡರು. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ ಅದರ ನಿರ್ದೇಶಕರಾದವರು, 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಹುಟ್ಟಿದಾಗಿನಿಂದ ಅದಕ್ಕಾಗಿ ದುಡಿದವರು, ಕನ್ನಡದಲ್ಲಿ ‘ಅಂತರ್ಜಲ’ದಂತಹ ಪುಸ್ತಕ ಬರೆದು ನನ್ನಂತಹ ಶಿಕ್ಷಕರಿಗೆ ಉಪಕಾರ ಮಾಡಿದವರು. ಅವರನ್ನು ಕುರಿತು ಆಗ ಓದಿದ ಬರಹವೊಂದರಲ್ಲಿ ಒಂದು ವಾಕ್ಯವಿತ್ತು. ಕೋಲಾರದ ಚಿನ್ನದ ಅದಿರಿನಲ್ಲಿ ದೊರೆತ ಹೊಸ ಖನಿಜವೊಂದಕ್ಕೆ ಅವರ ಗೌರವಾರ್ಥವಾಗಿ ‘ರಾಧಾಕೃಷ್ಣೈಟ್’ ಎಂದು ಹೆಸರಿಡಲಾಗಿದೆ ಎಂದು. ಅದರೊಂದಿಗೇ ಅದೇ ಅದಿರಿನಲ್ಲಿ ಇನ್ನೊಂದು ಖನಿಜವೂ ದೊರೆತಿದ್ದು, ಅದರ ಹೆಸರು ‘ಕೋಲಾರೈಟ್’. ರಷ್ಯದ ಮತ್ತು ಭಾರತದ ವಿಜ್ಞಾನಿಗಳು ಸೇರಿ ಮಾಡಿದ ಆ ಸಂಶೋಧನೆ ಪ್ರಕಟವಾದದ್ದು 1985ರಲ್ಲಿ, ಕೆನಡಾದ ಖನಿಜವಿಜ್ಞಾನ ಪತ್ರಿಕೆಯೊಂದರಲ್ಲಿ.

1985! ಅಂದರೆ, ನಾನು ‘ಏನೂ ಅಲ್ಲ’ ಎಂದ ಕಾಲದಲ್ಲೇ, ಅದೇ ನೆಲದ ಕಲ್ಲುಗಳನ್ನು ಹಿಡಿದು ಬೇರೆ ಯಾರೋ ‘ಇದೇನು?’ ಎಂದು ಕೇಳುತ್ತಿದ್ದರು. ಹುಡುಗ ಕೇಳಿದ ಪ್ರಶ್ನೆಯನ್ನೇ.

ಓದುಗರು ತಪ್ಪು ತಿಳಿಯಬಾರದು. ಆ ಹುಡುಗನ ಕಲ್ಲಿನಲ್ಲಿದ್ದುದು ಹೊಸ ಖನಿಜವೆಂದು ನಾನು ಹೇಳುತ್ತಿಲ್ಲ. ಆ ಹೊಸ ಖನಿಜಗಳು ಮೈಕ್ರಾನುಗಳಲ್ಲಿ ಅಳೆಯಬೇಕಾದಷ್ಟು ಸಣ್ಣ ಕಣಗಳು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬರಿಗಣ್ಣಿಗೆ ಮಿನುಗಿದ ಆ ಚುಕ್ಕೆಗಳು ಬಹುಶಃ ಸೀಸ ಮತ್ತು ಗಂಧಕ ಸೇರಿದ ಗೆಲೀನಾ ಎಂಬ ಸಾಮಾನ್ಯ ಅದಿರು ಇದ್ದಿರಬೇಕು. ಆದರೂ ಆ ಸುದ್ದಿ ಓದಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಒಂದು ಹೊಸ ಖನಿಜವನ್ನು ಹೊಸದೆಂದು ತಿಳಿಯುವುದು ಹೇಗೆ? ನನ್ನ ಶಿಷ್ಯೆಯೊಬ್ಬಳು ಕಾಲೇಜಿನಲ್ಲಿ ಭೂವಿಜ್ಞಾನದ ಉಪನ್ಯಾಸಕಿಯಾಗಿದ್ದಾಳೆ. ಅವಳ ಬಳಿಗೆ ಹೋದೆ. ಗುರು ಶಿಷ್ಯನಾಗಿ ಕುಳಿತದ್ದು ಆ ಒಂದು ದಿನ.

ಅವಳು ಮೊದಲು ಬುನಾದಿಯಿಂದ ಆರಂಭಿಸಿದಳು. ಕಲ್ಲು ಬೇರೆ, ಖನಿಜ ಬೇರೆ. ಕಲ್ಲೆಂದರೆ ಹಲವು ಖನಿಜಗಳ ಕೂಟ. ಗ್ರಾನೈಟಿನೊಳಗೆ ಬೆಣಚೂ ಇದೆ, ಫೆಲ್ಡ್‌ಸ್ಪಾರೂ ಇದೆ, ಕಾಗೆಬಂಗಾರವೂ ಇದೆ. ಖನಿಜವೆಂದರೆ ಪ್ರಕೃತಿಯಲ್ಲಿ ತಾನಾಗಿ ಉಂಟಾದ, ಗೊತ್ತಾದ ರಾಸಾಯನಿಕ ರಚನೆಯುಳ್ಳ, ಪರಮಾಣುಗಳು ನಿಯತವಾದ ವಿನ್ಯಾಸದಲ್ಲಿ ಜೋಡಣೆಗೊಂಡ ವಸ್ತು. ಈ ಎರಡು ಲಕ್ಷಣಗಳಲ್ಲಿ ಒಂದು ಬೇರೆಯಾದರೂ ಖನಿಜದ ಜಾತಿ ಬೇರೆಯಾಗುತ್ತದೆ. ವಜ್ರವೂ ಇಂಗಾಲವೇ, ಪೆನ್ಸಿಲಿನ ಗ್ರಾಫೈಟೂ ಇಂಗಾಲವೇ. ವಸ್ತು ಒಂದೇ, ಜೋಡಣೆ ಬೇರೆ. ಆದ್ದರಿಂದ ಜಾತಿ ಎರಡು. ಗಿಡಮರಗಳಲ್ಲಿ, ಕ್ರಿಮಿಕೀಟಗಳಲ್ಲಿ ಲಕ್ಷಗಟ್ಟಲೆ ಜಾತಿಗಳಿವೆ. ಖನಿಜಗಳಲ್ಲಾದರೋ ಇಡೀ ಭೂಮಿಯಲ್ಲಿ ಇದುವರೆಗೆ ಗುರುತಾದವು ಆರು ಸಾವಿರ ಚಿಲ್ಲರೆ ಮಾತ್ರ. ಅವುಗಳ ಪಂಕ್ತಿಗೆ ಹೊಸದೊಂದನ್ನು ಸೇರಿಸುವುದು ಸಣ್ಣ ಮಾತಲ್ಲ.

ಆಮೇಲೆ ಒಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ನಾವು ಶಾಲೆಯಲ್ಲಿ ಈರುಳ್ಳಿಯ ಪೊರೆ ತೋರಿಸಲು ಬಳಸುತ್ತಿದ್ದಂತಹುದಲ್ಲ ಅದು. ಲೋಹದ ಅದಿರುಗಳ ಮೂಲಕ ಬೆಳಕು ಹಾಯುವುದಿಲ್ಲವಾದ್ದರಿಂದ ಇಲ್ಲಿ ಬೆಳಕನ್ನು ಮೇಲಿನಿಂದ ಬೀಳಿಸಿ, ಹಿಂದಿರುಗುವ ಬೆಳಕಿನಲ್ಲಿ ನೋಡುತ್ತಾರೆ. ಅದಕ್ಕಾಗಿ ಅದಿರಿನ ಚೂರನ್ನು ಅಂಟಿನಲ್ಲಿ ಕೂರಿಸಿ, ಕನ್ನಡಿಯಂತಾಗುವವರೆಗೆ ಉಜ್ಜಿರುತ್ತಾರೆ. ಕಣ್ಣಿಟ್ಟು ನೋಡಿದೆ. ಬೂದುಬಣ್ಣದ ಬೆಣಚಿನ ನಡುವೆ ಬೆಳ್ಳಗೆ ಹೊಳೆಯುವ ಒಂದು ದ್ವೀಪ. ಅದರ ಮೈಮೇಲೆ ಸಣ್ಣ ಸಣ್ಣ ತ್ರಿಕೋನಾಕಾರದ ಕುಳಿಗಳು.

“ಅದು ಗೆಲೀನಾ, ಸಾರ್. ಆ ತ್ರಿಕೋನಗಳೇ ಅದರ ಗುರುತು,” ಎಂದಳು. ನಾನು ಸ್ವಲ್ಪ ಹೊತ್ತು ಕಣ್ಣು ತೆಗೆಯಲಿಲ್ಲ. ಮೂವತ್ತು ವರ್ಷದ ಹಿಂದಿನ ಚುಕ್ಕೆಗಳಿಗೆ ಈಗ ಒಂದು ಹೆಸರು ಸಿಕ್ಕಿದಂತಾಗಿತ್ತು.

“ಹೊಸ ಖನಿಜವಾದರೆ ಹೇಗೆ ಗೊತ್ತಾಗುತ್ತದಮ್ಮ?” ಎಂದು ಕೇಳಿದೆ.

“ಹೊಸದು ಅಂತ ಅದರ ಮೇಲೆ ಬರೆದಿರೋದಿಲ್ಲವಲ್ಲ ಸಾರ್. ನೋಡುವವರಿಗೆ ಹಳೆಯವೆಲ್ಲ ಗೊತ್ತಿರಬೇಕು. ಬಣ್ಣ ಇದರ ಹಾಗಿದೆ, ಆದರೆ ಗಡಸುತನ ಹೊಂದೋದಿಲ್ಲ. ಗಡಸುತನ ಅದರ ಹಾಗಿದೆ, ಬೆಳಕು ಹಿಂದಕ್ಕೆ ಬರೋ ಪ್ರಮಾಣ ಹೊಂದೋದಿಲ್ಲ. ಹೀಗೆ ಒಂದೊಂದನ್ನೇ ಪಕ್ಕಕ್ಕಿಡ್ತಾ ಹೋಗಬೇಕು. ಇದಲ್ಲ, ಇದೂ ಅಲ್ಲ ಅಂತ. ಎಲ್ಲವನ್ನೂ ಪಕ್ಕಕ್ಕಿಟ್ಟ ಮೇಲೂ ಕಣ್ಣೆದುರಿಗೆ ಕಣ ಉಳಿದಿದ್ದರೆ, ಆಗ ಅನುಮಾನ ಶುರುವಾಗುತ್ತೆ.”

ಉಪನಿಷತ್ತಿನ ‘ನೇತಿ ನೇತಿ’ ನನಗೆ ನೆನಪಾಯಿತು. ಅಂದು ತರಗತಿಯಲ್ಲಿ ನಾನೂ ಅದನ್ನೇ ಆರಂಭಿಸಿದ್ದೆ. ಚಿನ್ನವಲ್ಲ, ಪೈರೈಟ್ ಅಲ್ಲ, ಕಾಗೆಬಂಗಾರವಲ್ಲ. ಮೂರು ಹೆಜ್ಜೆ ಸರಿಯಾಗಿಯೇ ಇಟ್ಟಿದ್ದೆ. ನಾಲ್ಕನೆಯದರಲ್ಲಿ ‘ಇದಲ್ಲ’ ಎನ್ನುವುದರ ಬದಲು ‘ಏನೂ ಅಲ್ಲ’ ಎಂದುಬಿಟ್ಟೆ. ಎರಡರಲ್ಲೂ ಇರುವುದು ಅದೇ ‘ಅಲ್ಲ’. ಒಂದು ಹುಡುಕಾಟವನ್ನು ಮುಂದಕ್ಕೆ ಒಯ್ಯುತ್ತದೆ, ಇನ್ನೊಂದು ಅಲ್ಲಿಗೇ ನಿಲ್ಲಿಸುತ್ತದೆ.

ಅನುಮಾನ ಬಂದ ಮೇಲಿನ ಕೆಲಸ ಉಪಕರಣಗಳದು. ಕೂದಲೆಳೆಗಿಂತ ಸಣ್ಣದಾದ ಕಣವನ್ನು ಬಿಡಿಸಿ ತೆಗೆದು, ಗಾಜಿನ ನಳಿಕೆಯಲ್ಲಿ ಆಮ್ಲ ಸುರಿದು ಪರೀಕ್ಷಿಸುವುದು ಅಸಾಧ್ಯವೆಂದೇ ಹೇಳಬೇಕು. ಈ ಕಷ್ಟವನ್ನು ನೀಗಿದ್ದು ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಎಂಬ ಯಂತ್ರ; ಅದರ ತತ್ತ್ವವನ್ನು ಫ್ರಾನ್ಸಿನ ರೇಮಂಡ್ ಕಾಸ್ಟೈಂಗ್ 1951ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಸುಮಾರು ಒಂದು ಮೈಕ್ರಾನ್ ಅಗಲದಷ್ಟು ಜಾಗಕ್ಕೆ ಎಲೆಕ್ಟ್ರಾನುಗಳ ಸೂಜಿಮೊನೆಯಂತಹ ಧಾರೆಯನ್ನು ಗುರಿಯಿಟ್ಟು ಬಿಟ್ಟರೆ, ಅಲ್ಲಿನ ಪ್ರತಿಯೊಂದು ಧಾತುವೂ ತನ್ನದೇ ಆದ ಎಕ್ಸ್‌ರೇ ಕಿರಣವನ್ನು ಹೊರಸೂಸುತ್ತದೆ. ಯಾವ ಕಿರಣ ಎಂಬುದರಿಂದ ಧಾತು ಯಾವುದೆಂಬುದೂ, ಕಿರಣದ ತೀವ್ರತೆಯಿಂದ ಅದು ಎಷ್ಟಿದೆ ಎಂಬುದೂ ತಿಳಿಯುತ್ತದೆ. ಕಣವನ್ನು ಕೀಳಬೇಕಾಗಿಲ್ಲ. ಇದ್ದಲ್ಲಿಯೇ ಅದು ತನ್ನ ಜಾತಕವನ್ನು ಒಪ್ಪಿಸುತ್ತದೆ.

ಅಲ್ಲಿಂದ ಸೂತ್ರಕ್ಕೆ ಬರುವ ಲೆಕ್ಕ ನಮ್ಮ ಹತ್ತನೆಯ ತರಗತಿಯ ಲೆಕ್ಕವೇ. ಹಳೆಯ ಅಭ್ಯಾಸ, ಓದುಗರು ಒಂದು ನಿಮಿಷ ಸಹಿಸಿಕೊಳ್ಳಬೇಕು. ಕೋಲಾರೈಟಿನ ಅಣುಸೂತ್ರದಲ್ಲಿ ಒಂದು ಸೀಸ, ಒಂದು ಟೆಲ್ಯೂರಿಯಂ, ಎರಡು ಕ್ಲೋರಿನ್ ಪರಮಾಣುಗಳಿವೆ. ಆ ಸೂತ್ರದಂತೆ ಶುದ್ಧವಾದ 100 ಗ್ರಾಂ ಖನಿಜವಿದ್ದರೆ ಅದರಲ್ಲಿ ಸೀಸ 51.1 ಗ್ರಾಂ, ಟೆಲ್ಯೂರಿಯಂ 31.4 ಗ್ರಾಂ, ಕ್ಲೋರಿನ್ 17.5 ಗ್ರಾಂ ಇರಬೇಕು. ಈ ತೂಕಗಳನ್ನು ಅನುಕ್ರಮವಾಗಿ ಅವುಗಳ ಪರಮಾಣು ತೂಕಗಳಾದ 207.2, 127.6 ಮತ್ತು 35.5ರಿಂದ ಭಾಗಿಸಿದರೆ ಬರುವ ಉತ್ತರ 0.247, 0.246 ಮತ್ತು 0.493. ಅಂದರೆ ಒಂದಕ್ಕೆ ಒಂದಕ್ಕೆ ಎರಡು. ಯಂತ್ರ ಕೊಡುವ ತೂಕದ ಅಂಕಿಗಳಿಂದ ಹೀಗೆ ಹಿಂದಕ್ಕೆ ಲೆಕ್ಕ ಹಾಕಿದಾಗ ಪೂರ್ಣಾಂಕಗಳ ಅನುಪಾತ ಹೊರಬಿದ್ದರೆ, ಸಂಶೋಧಕನ ಎದೆ ಹೇಗೆ ಬಡಿದುಕೊಂಡೀತೆಂದು ನಾನು ಊಹಿಸಬಲ್ಲೆ. ರಾಧಾಕೃಷ್ಣೈಟಿನಲ್ಲಿ ಒಂದು ಸೀಸಕ್ಕೆ ಮೂರು ಟೆಲ್ಯೂರಿಯಂ. ಜೊತೆಗೆ ಕ್ಲೋರಿನ್ ಮತ್ತು ಗಂಧಕ ಸೇರಿ ಎರಡು.

“ಚಿನ್ನದ ಅದಿರಿನಲ್ಲಿ ಸೀಸದ ಜೊತೆ ಗಂಧಕ ಸಿಕ್ಕಿದರೆ ಯಾರೂ ಬೆರಗಾಗೋದಿಲ್ಲ, ಅದು ಗೆಲೀನಾ. ಟೆಲ್ಯೂರಿಯಂ ಸಿಕ್ಕಿದರೂ ಆಲ್ಟೈಟ್ ಅಂತ ಹೆಸರಿದೆ,” ಎಂದಳು ಶಿಷ್ಯೆ. “ಆದರೆ ಕ್ಲೋರಿನ್ ಕಂಡರೆ ಮೊದಲು ನಮ್ಮನ್ನು ನಾವೇ ಅನುಮಾನಿಸಬೇಕು. ಚೂರನ್ನು ಕೂರಿಸಿದ ಅಂಟಿನಿಂದ ಬಂತೇ? ಕೈಬೆವರಿನ ಉಪ್ಪಿನಿಂದ ಬಂತೇ? ಬೇರೆ ಬೇರೆ ಕಣಗಳಲ್ಲಿ, ಮತ್ತೆ ಮತ್ತೆ, ಅದೇ ಪ್ರಮಾಣದಲ್ಲಿ ಬಂದರೆ ಮಾತ್ರ ನಂಬಬೇಕು.”

ಧಾತುಗಳು ತಿಳಿದರೂ ಕೆಲಸ ಮುಗಿಯುವುದಿಲ್ಲ. ವಜ್ರ ಮತ್ತು ಗ್ರಾಫೈಟಿನ ಉದಾಹರಣೆಯಂತೆ, ಪರಮಾಣುಗಳ ಜೋಡಣೆಯನ್ನೂ ತೋರಿಸಿಕೊಡಬೇಕು. ಅದಕ್ಕೆ ಎಕ್ಸ್‌ರೇ ಕಿರಣಗಳನ್ನೋ ಎಲೆಕ್ಟ್ರಾನುಗಳನ್ನೋ ಹರಳಿನ ಮೂಲಕ ಹಾಯಿಸಿ, ಅವು ಚದುರಿ ಮೂಡಿಸುವ ಚುಕ್ಕೆಗಳನ್ನೋ ಗೆರೆಗಳನ್ನೋ ಅಳೆಯುತ್ತಾರೆ. ಆ ವಿನ್ಯಾಸ ಪ್ರತಿಯೊಂದು ಖನಿಜಕ್ಕೂ ಹೆಬ್ಬೆಟ್ಟಿನ ಗುರುತಿದ್ದ ಹಾಗೆ.

ಟೆಲ್ಯೂರಿಯಂನ ಕಥೆಯನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ಆ ಧಾತುವೇ ‘ಇದಲ್ಲ, ಇದೂ ಅಲ್ಲ’ ಎಂಬ ದಾರಿಯಲ್ಲಿ ಸಿಕ್ಕಿದ್ದು. ಅದೂ ಚಿನ್ನದ ಅದಿರಿನಲ್ಲಿಯೇ. 1782ರಲ್ಲಿ ಟ್ರಾನ್ಸಿಲ್ವೇನಿಯಾದ ಗಣಿಗಳ ಅಧಿಕಾರಿಯಾಗಿದ್ದ ಮ್ಯುಲ್ಲರ್ ಎಂಬುವರು ಚಿನ್ನದ ಅದಿರೊಂದನ್ನು ಪರೀಕ್ಷಿಸುತ್ತಿದ್ದರು. ಅದರಲ್ಲಿದ್ದ ಲೋಹ ಆಂಟಿಮನಿ ಎಂಬ ಅಭಿಪ್ರಾಯವಿತ್ತು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಬಿಸ್ಮತ್ ಇರಬಹುದೆಂದುಕೊಂಡರು. ಅದೂ ಹೊಂದಲಿಲ್ಲ. ಸುಮಾರು ಮೂರು ವರ್ಷ ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿ, ಇದು ಯಾರೂ ಅರಿಯದ ಲೋಹವೆಂಬ ನಿರ್ಣಯಕ್ಕೆ ಬಂದರು. 1798ರಲ್ಲಿ ಜರ್ಮನಿಯ ಕ್ಲಾಪ್ರೋತ್ ಅದನ್ನು ದೃಢಪಡಿಸಿ, ಭೂಮಿ ಎಂಬರ್ಥದ ಲ್ಯಾಟಿನ್ ಪದದಿಂದ ಟೆಲ್ಯೂರಿಯಂ ಎಂದು ಹೆಸರಿಟ್ಟರು. ಹೆಸರಿಡುವಾಗ ಕೀರ್ತಿಯನ್ನು ಮ್ಯುಲ್ಲರ್ ಅವರಿಗೇ ಸಲ್ಲಿಸಿದರು.

ಇದಕ್ಕೆ ಎದುರಾದ ಕಥೆಯೂ ಒಂದಿದೆ. ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿಯಲ್ಲಿ 1890ರ ದಶಕದಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದರು. ಚಿನ್ನ ಮತ್ತು ಟೆಲ್ಯೂರಿಯಂ ಸೇರಿದ ಅದಿರು ಅವರ ಕಣ್ಣಿಗೆ ಕೆಲಸಕ್ಕೆ ಬಾರದ ಕಲ್ಲಾಗಿ ಕಂಡಿತು. ಅದನ್ನು ರಸ್ತೆಯ ಗುಂಡಿಗಳಿಗೆ ತುಂಬಿದರು. 1896ರಲ್ಲಿ ಅದರ ನಿಜಸ್ಥಿತಿ ಗೊತ್ತಾದಾಗ ಅದೇ ರಸ್ತೆಗಳನ್ನು ಅಗೆದು ತೆಗೆಯಬೇಕಾಯಿತು. ‘ಏನೂ ಅಲ್ಲ, ಎಸೆದುಬಿಡು’ ಎಂದವನು ಜಗತ್ತಿನಲ್ಲಿ ನಾನೊಬ್ಬನೇ ಅಲ್ಲವೆಂದು ಓದಿ ಸ್ವಲ್ಪ ಸಮಾಧಾನವಾಯಿತು.

ಇನ್ನು, ಹೊಸದು ಸಿಕ್ಕಿತೆಂದು ಸಂಶೋಧಕ ತಾನೇ ಘೋಷಿಸಿಕೊಳ್ಳುವಂತಿಲ್ಲ. ಹಿಂದೆ ಹಾಗೆ ನಡೆಯುತ್ತಿತ್ತು. ನಮ್ಮ ದೇಶದ ಮ್ಯಾಂಗನೀಸ್ ನಿಕ್ಷೇಪಗಳನ್ನು ಕುರಿತು 1909ರಲ್ಲಿ ಮಹಾಗ್ರಂಥ ಬರೆದ ಎಲ್. ಎಲ್. ಫರ್ಮೋರ್ ಎಂಬ ಇಂಗ್ಲಿಷ್ ಭೂವಿಜ್ಞಾನಿ ದೊಡ್ಡ ವಿದ್ವಾಂಸರು. ಅವರು ಹೆಸರಿಟ್ಟ ಹಾಲಂಡೈಟ್ ಇಂದಿಗೂ ಮಾನ್ಯವಾಗಿದೆ. ಆದರೆ ಮಧ್ಯಪ್ರದೇಶದ ಛಿಂದವಾಡದ ಕಡೆಯ ಸೀತಾಪಾರ್ ಎಂಬ ಊರಿನ ಹೆಸರಿನಲ್ಲಿ ಅವರು ಕರೆದ ‘ಸೀತಾಪರೈಟ್’ ಉಳಿಯಲಿಲ್ಲ. ಅದು ಅಮೆರಿಕದಲ್ಲಿ 1897ರಲ್ಲೇ ವರ್ಣಿತವಾಗಿದ್ದ ಬಿಕ್ಸ್‌ಬೈಟ್ ಎಂದು ಅನಂತರ ಗೊತ್ತಾಯಿತು. ಅವರೇ ಹೆಸರಿಸಿದ ಇನ್ನೊಂದು ‘ಖನಿಜ’ ಪರೀಕ್ಷೆಯಲ್ಲಿ ಎರಡು ಖನಿಜಗಳ ಮಿಶ್ರಣವಾಗಿ ಹೊರಬಿದ್ದಿತು. ಒರೆಗಲ್ಲಿಗೆ ಹಚ್ಚಿದಾಗ ವಿದ್ವಾಂಸರ ಚಿನ್ನವೂ ಮಾಸುವುದುಂಟು.

ಇಂತಹ ಗೊಂದಲಗಳನ್ನು ತಡೆಯಲು 1959ರಲ್ಲಿ ಅಂತರರಾಷ್ಟ್ರೀಯ ಖನಿಜವಿಜ್ಞಾನ ಸಂಘವು ಹೊಸ ಖನಿಜಗಳಿಗಾಗಿ ಒಂದು ಆಯೋಗವನ್ನು ರಚಿಸಿತು. ಸಂಶೋಧಕರು ರಾಸಾಯನಿಕ ವಿಶ್ಲೇಷಣೆ, ಹರಳಿನ ರಚನೆ, ಬಣ್ಣ, ಗಡಸುತನ, ಸಾಂದ್ರತೆ, ದೊರೆತ ಸ್ಥಳ, ಜೊತೆಯಲ್ಲಿದ್ದ ಖನಿಜಗಳು ಎಲ್ಲವನ್ನೂ ಬರೆದು ಮೊದಲು ಅಲ್ಲಿಗೆ ಕಳುಹಿಸಬೇಕು. ಬೇರೆ ಬೇರೆ ದೇಶಗಳ ತಜ್ಞರು ಓದಿ ಮತ ನೀಡುತ್ತಾರೆ. ಮೂರನೆಯ ಎರಡರಷ್ಟು ಬಹುಮತ ಬೇಕು. ಮೂಲ ಮಾದರಿಯನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬೇಕು. ನಾಳೆ ಯಾರಿಗಾದರೂ ಸಂಶಯ ಬಂದರೆ ಹೋಗಿ ನೋಡುವಂತಿರಬೇಕು. ಕಂಡುಹಿಡಿದವನು ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವಂತಿಲ್ಲ. ಬದುಕಿರುವವರ ಹೆಸರಿಡುವುದಾದರೆ ಅವರ ಒಪ್ಪಿಗೆ ಬೇಕು. ಈ ನಿಯಮಗಳನ್ನು ಕೇಳಿ ನನಗೆ ಗೌರವ ಹುಟ್ಟಿತು. ನಮ್ಮ ಸಾರ್ವಜನಿಕ ಜೀವನದಲ್ಲಿ ರಸ್ತೆಗೆ, ವೃತ್ತಕ್ಕೆ ಹೆಸರಿಡುವಾಗಲೂ ಇಷ್ಟು ಸಂಕೋಚವಿದ್ದರೆ ಎಷ್ಟು ಚೆನ್ನಾಗಿತ್ತು!

ಹೀಗೆ ಒಂದು ಖನಿಜಕ್ಕೆ ಊರಿನ ಹೆಸರೂ ಇನ್ನೊಂದಕ್ಕೆ ಆ ನಾಡಿನ ಭೂವಿಜ್ಞಾನಿಯ ಹೆಸರೂ ಬಂದವು. ಎರಡೂ ಯೋಗ್ಯವೇ. ಆದರೆ ಆ ಅದಿರನ್ನು ಕೆಳಗಿನಿಂದ ಮೇಲಕ್ಕೆ ತಂದವರು ಯಾರೆಂಬುದು ಎಲ್ಲೂ ದಾಖಲಾಗುವುದಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸನ್ನು ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆಗಳು ಇದ್ದಕ್ಕಿದ್ದಂತೆ ಸಿಡಿಯುತ್ತಿದ್ದವು; ಆ ಅದುರು ನಮ್ಮ ಶಾಲೆಯ ಗೋಡೆಗೂ ಬರುತ್ತಿತ್ತು. ಕಪ್ಪುಹಲಗೆ ನಡುಗಿದಾಗ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಯಾರ ಅಪ್ಪ ಈಗ ಯಾವ ಪಾಳಿಯಲ್ಲಿದ್ದಾರೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದ ಮುಖಗಳವು. ಆಧುನಿಕ ಗಣಿಗಾರಿಕೆ 1880ರ ಸುಮಾರಿಗೆ ಆರಂಭವಾದಾಗಿನಿಂದ ಮುಚ್ಚುವವರೆಗೆ ಆ ನೆಲದಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿದೆ.

ಶಿಷ್ಯೆಯ ಪಾಠ ಕೇಳಿದ ಮರುವರ್ಷ, 2013ರಲ್ಲಿ, ಬೆಂಗಳೂರಿನಿಂದ ಮಾರಿಕುಪ್ಪಂಗೆ ಹೋಗುವ ಸಂಜೆಯ ರೈಲಿನಲ್ಲಿ ಬರುತ್ತಿದ್ದೆ. ಗಣಿ ಮುಚ್ಚಿದ ಮೇಲೆ ಆ ಕಡೆಯ ಸಾವಿರಾರು ಜನ ದಿನವೂ ಬೆಂಗಳೂರಿಗೆ ಹೋಗಿ ದುಡಿದು ಬರುತ್ತಾರೆ. ಕಾಲಿಡಲು ಜಾಗವಿರಲಿಲ್ಲ. ತಲೆ ನರೆಯತೊಡಗಿದ್ದ ಒಬ್ಬರು ಎದ್ದು, “ಕೂತ್ಕೊಳ್ಳಿ ಸಾರ್,” ಎಂದು ಜಾಗ ಕೊಟ್ಟರು. “ಗುರುತು ಸಿಗಲಿಲ್ವಾ?” ಎಂದು ಹೆಸರು ಹೇಳಿದರು. ಅದೇ ಹುಡುಗ! ಯಾವುದೋ ಲೇತ್ ಕಾರ್ಖಾನೆಯಲ್ಲಿ ಕೆಲಸವಂತೆ. ಬೆಳಗಿನ ಜಾವ ಹೊರಟರೆ ರಾತ್ರಿ ಮನೆ.

ಬಂಗಾರಪೇಟೆ ಹತ್ತಿರವಾಗಿ ಜನ ಸ್ವಲ್ಪ ಕಡಿಮೆಯಾದಾಗ ನಾನೇ ಕೇಳಿದೆ, “ಒಂದು ದಿನ ಕಲ್ಲೊಂದು ತಂದು ತೋರಿಸಿದ್ದೆಯಲ್ಲ, ನೆನಪಿದೆಯೇ?”

“ನೆನಪಿಲ್ದೆ ಏನು ಸಾರ್. ರಸ್ತೆ ಪಕ್ಕ ಕಲ್ಲುರಾಶಿ ಇತ್ತಲ್ಲ, ಅಲ್ಲಿ ಸಿಕ್ಕಿದ್ದು. ಎಸೀಲಿಲ್ಲ ನಾನು. ಮನೆಗೆ ತಗೊಂಡು ಹೋದೆ. ಅಪ್ಪ ಪಾಳಿ ಮುಗಿಸಿ ಬಂದಿದ್ರು. ‘ಮೇಷ್ಟ್ರು ಏನಂದ್ರು?’ ಅಂತ ಕೇಳಿದ್ರು. ‘ಏನೂ ಅಲ್ಲ ಅಂದ್ರು’ ಅಂದೆ. ಅಪ್ಪ ಕಲ್ಲನ್ನ ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ರು. ‘ಇಪ್ಪತ್ತಾರು ವರ್ಷದಿಂದ ಇದನ್ನೇ ಒಡೀತಾ ಇದೀನಿ’ ಅಂದ್ರು. ಅಷ್ಟೇ. ಆಮೇಲೆ ಬಾಗಿಲು ಗಾಳಿಗೆ ಹೊಡ್ಕೋಬಾರದು ಅಂತ ಅದನ್ನ ಅಡ್ಡ ಇಟ್ರು. ಲೈನ್ ಮನೆ ಬಿಟ್ಟು ಬರೋವರೆಗೂ ಅಲ್ಲೇ ಇತ್ತು.”

ಆ ಮಾತಿನಲ್ಲಿ ಆರೋಪವಿರಲಿಲ್ಲ. ನಗುತ್ತಲೇ ಹೇಳಿದರು. ತಂದೆ ತೀರಿಕೊಂಡು ಬಹಳ ವರ್ಷವಾಯಿತೆಂದರು. ಆದರೆ ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಹುಡುಗನೊಬ್ಬನ ಕುತೂಹಲಕ್ಕೆ ತಣ್ಣೀರೆರಚಿದೆನೆಂದಷ್ಟೇ ಇಷ್ಟು ವರ್ಷ ಕೊರಗಿದ್ದೆ. ಆ ಮಾತು ಹುಡುಗನನ್ನು ದಾಟಿ ಮನೆಯವರೆಗೂ ಹೋಗಿ, ಒಬ್ಬ ಮನುಷ್ಯನ ಇಪ್ಪತ್ತಾರು ವರ್ಷದ ದುಡಿಮೆಗೆ ತಾಗಿತ್ತೆಂದು ನನಗೆ ಗೊತ್ತಿರಲಿಲ್ಲ.

ನಾನು ಕೋಲಾರೈಟಿನ ವಿಷಯ ಹೇಳಿದೆ. ಅವರ ತಂದೆ ಇಳಿಯುತ್ತಿದ್ದ ನೆಲದ ಅದಿರಿನಲ್ಲಿ, ಅವರು ಇಳಿಯುತ್ತಿದ್ದ ಕಾಲದಲ್ಲೇ, ಅಲ್ಲಿಯವರೆಗೆ ಯಾವ ಪುಸ್ತಕದಲ್ಲೂ ಇರದಿದ್ದ ಎರಡು ಖನಿಜಗಳು ಸಿಕ್ಕಿದವೆಂದು ಹೇಳಿದೆ. ನಿನ್ನ ಕಲ್ಲಿನಲ್ಲಿದ್ದ ಚುಕ್ಕೆ ಏನೆಂದು ಅಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳಬೇಕಾಗಿತ್ತು ಎಂದೂ ಹೇಳಿದೆ.

“ಅದಕ್ಕೆ ಬೆಲೆ ಇದೆಯಾ ಸಾರ್?” ಎಂದು ಕೇಳಿದರು.

“ಇಲ್ಲಪ್ಪ. ಕಣ್ಣಿಗೂ ಕಾಣದಷ್ಟು ಸಣ್ಣದು.”

ಅವರು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಜೇಬಿನಿಂದ ಒಂದು ಚೀಟಿ ತೆಗೆದು, “ಆ ಹೆಸರು ಬರೆದುಕೊಡಿ ಸಾರ್. ಮಗಳಿಗೆ ಹೇಳ್ತೀನಿ,” ಎಂದರು. ಅಲುಗಾಡುವ ರೈಲಿನಲ್ಲಿ ಸೊಟ್ಟಸೊಟ್ಟ ಅಕ್ಷರಗಳಲ್ಲಿ ‘ಕೋಲಾರೈಟ್’ ಎಂದು ಬರೆದುಕೊಟ್ಟೆ. ಅದರ ಕೆಳಗೆ ಸೀಸ ಒಂದು, ಟೆಲ್ಯೂರಿಯಂ ಒಂದು, ಕ್ಲೋರಿನ್ ಎರಡು ಎಂದೂ ಬರೆದೆ. ಮೇಷ್ಟ್ರ ಚಾಳಿ.

ನಿವೃತ್ತನಾಗಿ ಇಪ್ಪತ್ತು ವರ್ಷವಾಗುತ್ತ ಬಂದಿದೆ. ಈಗ ಯಾವ ಹುಡುಗನೂ ನನ್ನ ಮೇಜಿನ ಮೇಲೆ ಕಲ್ಲು ತಂದಿಡುವುದಿಲ್ಲ. ಆದರೆ ಈ ಪುಟವನ್ನು ಓದುವವರಲ್ಲಿ ಶಿಕ್ಷಕರಿದ್ದಾರೆ, ತಂದೆತಾಯಿಯರಿದ್ದಾರೆ. ಮಕ್ಕಳು ಕಲ್ಲನ್ನೋ ಎಲೆಯನ್ನೋ ಸತ್ತ ಹುಳುವನ್ನೋ ತಂದು ‘ಇದೇನು?’ ಎಂದಾಗ ಉತ್ತರ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ, ಅದನ್ನೇ ಹೇಳಿ. ಆಮೇಲೆ, ಬಿಡುವಿದ್ದರೆ, ಅದು ಏನಲ್ಲವೆಂಬುದನ್ನು ಇಬ್ಬರೂ ಕೂತು ಒಂದೊಂದಾಗಿ ಪಕ್ಕಕ್ಕಿಡುತ್ತ ಹೋಗಿ.